ನಾಲಿಗೆ ಕೆಳಗಿನ ಮಾತ್ರೆ: ಓಪಿಯಾಯ್ಡ್ ನಶೆಗೆ ಮದ್ದು ಕೊಡುವ ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ?

ಹೋದ ತಿಂಗಳು ಪರಿಚಯದ ತಾಯಿಯೊಬ್ಬರು ಮನೆಗೆ ಬಂದಿದ್ದರು. ಕೊಟ್ಟ ಕಾಫಿ ಮುಟ್ಟಲಿಲ್ಲ. ಕೈಚೀಲದಿಂದ ಒಂದು ಮಾತ್ರೆ ಶೀಟು ತೆಗೆದು ಮೇಜಿನ ಮೇಲಿಟ್ಟರು. ಹತ್ತರಲ್ಲಿ ಆರು ಗುಳಿ ಖಾಲಿಯಾಗಿದ್ದವು. “ಮಗನಿಗೆ ಕೊಟ್ಟಿದ್ದಾರೆ. ನುಂಗೋ ಹಾಗಿಲ್ವಂತೆ, ನಾಲಿಗೆ ಕೆಳಗೆ ಇಟ್ಕೋಬೇಕಂತೆ. ಫೋನಲ್ಲಿ ಹುಡುಕಿದೆ. ಇದೂ ಅಫೀಮಿನ ಜಾತಿದೇ ಅಂತಿದೆ. ಒಂದು ಚಟ ಬಿಡಿಸೋಕೆ ಇನ್ನೊಂದು ಚಟ ಹತ್ತಿಸ್ತಿದ್ದಾರಾ? ಕೊಡೋದು ನಿಲ್ಲಿಸಿಬಿಡ್ಲಾ?”

ಹುಡುಗನಿಗೆ 23 ವರ್ಷ. ಶುರುವಾಗಿದ್ದು ಗೆಳೆಯರ ಜೊತೆ, ಮೆಡಿಕಲ್ ಶಾಪಿನ ನೋವಿನ ಮಾತ್ರೆಯಿಂದ. ಮೊದಲು ನುಂಗುತ್ತಿದ್ದ. ಆಮೇಲೆ ಪುಡಿ ಮಾಡಿ, ನೀರಲ್ಲಿ ಕಲಸಿ, ಸಿರಿಂಜಿನಲ್ಲಿ ಚುಚ್ಚಿಕೊಳ್ಳತೊಡಗಿದ. ಮನೆಯಲ್ಲಿ ಗೊತ್ತಾಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಇದು ಪಂಜಾಬಿನ ಕಥೆ, ಮಣಿಪುರದ ಕಥೆ ಅಂದುಕೊಂಡಿದ್ದೆವು. ಈಗ ಬೆಂಗಳೂರಿನ ಪೇಪರುಗಳಲ್ಲೂ ಇಂಥ ಸುದ್ದಿ ಬರುತ್ತಿದೆ.

ಆ ತಾಯಿ ಕೇಳಿದ್ದು ದಡ್ಡ ಪ್ರಶ್ನೆಯಲ್ಲ. ಜಗತ್ತಿನಲ್ಲಿ ಈ ಚಿಕಿತ್ಸೆ ಶುರುವಾದ ದಿನದಿಂದಲೂ ಜನ ಇದನ್ನೇ ಕೇಳುತ್ತಿದ್ದಾರೆ. ಚಿಕ್ಕ ಉತ್ತರ: ನಿಲ್ಲಿಸಬೇಡಿ, ಹಾಗೆ ದಿಢೀರ್ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಯಾಕೆ ಅನ್ನುವುದಕ್ಕೆ ಸ್ವಲ್ಪ ಬುಡದಿಂದ ಬರಬೇಕು.

ಗಸಗಸೆಯಿಂದ ಹೆರಾಯಿನ್‌ವರೆಗೆ

ಗಸಗಸೆ ಪಾಯಸ ನಮಗೆಲ್ಲ ಗೊತ್ತು. ಆ ಬೀಜ ಬರುವ ಗಿಡದ ಹಸಿ ಕಾಯಿಗೆ ಗೀರು ಹಾಕಿದರೆ ಹಾಲಿನಂಥ ರಸ ಒಸರುತ್ತದೆ. ಅದು ಒಣಗಿ ಗಟ್ಟಿಯಾದರೆ ಅಫೀಮು. ಒಣ ಬೀಜದಲ್ಲಿ ಮತ್ತು ಬರಿಸುವ ಅಂಶ ತೀರಾ ಕಡಿಮೆ, ಪಾಯಸಕ್ಕೆ ಹೆದರಬೇಕಿಲ್ಲ. ಆದರೂ ದುಬೈಗೆ ಹೋಗುವವರಿಗೆ “ಬ್ಯಾಗಿನಲ್ಲಿ ಗಸಗಸೆ ಇಡಬೇಡಿ” ಅಂತ ಹೇಳುವುದು ಇದೇ ಗಿಡದ ಕಾರಣಕ್ಕೆ. ಅಲ್ಲಿ ಅದಕ್ಕೆ ನಿಷೇಧ ಇದೆ. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಕೆಲವು ಕಡೆ ಸರ್ಕಾರದ ಲೈಸೆನ್ಸ್ ಪಡೆದು ರೈತರು ಅಫೀಮು ಬೆಳೆಯುತ್ತಾರೆ, ಔಷಧ ತಯಾರಿಕೆಗಾಗಿ.

ಅಫೀಮಿನಿಂದ ಮಾರ್ಫಿನ್ ಅನ್ನು ಬೇರ್ಪಡಿಸಿದ್ದು 19ನೇ ಶತಮಾನದ ಶುರುವಿನಲ್ಲಿ, ಜರ್ಮನಿಯಲ್ಲಿ. ಮಾರ್ಫಿನ್ನನ್ನೇ ಸ್ವಲ್ಪ ಬದಲಿಸಿ ಮಾಡಿದ್ದು ಹೆರಾಯಿನ್. ನಂಬುವುದು ಕಷ್ಟ, 1898ರಲ್ಲಿ ಬೇಯರ್ ಕಂಪನಿ ಅದನ್ನು ಕೆಮ್ಮಿನ ಔಷಧಿಯಾಗಿ ಮಾರಾಟಕ್ಕೆ ತಂದಿತ್ತು! ಆಮೇಲೆ ಕಾರ್ಖಾನೆಯಲ್ಲೇ ತಯಾರಾಗುವ ಫೆಂಟಾನಿಲ್, ಟ್ರಾಮಡಾಲ್, ಟಪೆಂಟಡಾಲ್ ಬಂದವು. ಅಫೀಮಿನಿಂದ ಬಂದದ್ದಿರಲಿ, ಲ್ಯಾಬಿನಲ್ಲಿ ಹುಟ್ಟಿದ್ದಿರಲಿ, ಮೈಯೊಳಗೆ ಒಂದೇ ರೀತಿ ಕೆಲಸ ಮಾಡುವ ಇವೆಲ್ಲಕ್ಕೂ ಓಪಿಯಾಯ್ಡ್ ಎನ್ನುತ್ತಾರೆ.

ಇವು ಕೆಟ್ಟ ಔಷಧಗಳೇನಲ್ಲ. ಆಪರೇಷನ್ ಆದವರಿಗೆ, ಕ್ಯಾನ್ಸರ್ ನೋವಿನಲ್ಲಿ ಒದ್ದಾಡುವವರಿಗೆ ಇವು ದೇವರಿದ್ದ ಹಾಗೆ. ತೊಂದರೆ ಬರುವುದು ನಶೆಗಾಗಿ ಬಳಸಿದಾಗ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಓಪಿಯಾಯ್ಡ್ ಬಳಸುತ್ತಿದ್ದರು. ಅವರಲ್ಲಿ ಸುಮಾರು 77 ಲಕ್ಷ ಜನರಿಗೆ ಅದರಿಂದ ಚಿಕಿತ್ಸೆ ಬೇಕಾಗುವಷ್ಟು ತೊಂದರೆ ಆಗಿತ್ತು. ಹೆರಾಯಿನ್ ನಂತರದ ಜಾಗದಲ್ಲಿ ಇದ್ದದ್ದು ಅಫೀಮಲ್ಲ, ಮಾತ್ರೆ-ಇಂಜೆಕ್ಷನ್ ರೂಪದ ಔಷಧಗಳು. ಟ್ರಾಮಡಾಲ್ ಅನ್ನು 2018ರಲ್ಲೇ ಮಾದಕ ವಸ್ತುಗಳ ಕಾಯ್ದೆಯಡಿ ತಂದರು.

ಮೆದುಳೆಂಬ ಬಸ್ಸು

ನಮ್ಮ ಮೆದುಳನ್ನು ಒಂದು ಕೆಂಪು ಬಸ್ಸು ಅಂದುಕೊಳ್ಳಿ. ಅದರಲ್ಲಿ ಓಪಿಯಾಯ್ಡ್‌ಗೆಂದೇ ಇರುವ ಸೀಟುಗಳಿವೆ. ಡಾಕ್ಟರುಗಳು ಅವನ್ನು ರಿಸೆಪ್ಟರ್ ಎನ್ನುತ್ತಾರೆ. ಈ ಸೀಟುಗಳು ಹೆರಾಯಿನ್‌ಗಾಗಿ ಹುಟ್ಟಿದ್ದಲ್ಲ. ನಮ್ಮ ಮೈಯೇ ಎಂಡಾರ್ಫಿನ್ ಎಂಬ ವಸ್ತು ತಯಾರಿಸುತ್ತದೆ. ಪೆಟ್ಟಾದಾಗ, ಓಡಿ ದಣಿದಾಗ, ಹಿತವೆನಿಸಿದಾಗ ಅದು ಬಂದು ಈ ಸೀಟುಗಳಲ್ಲಿ ಕೂರುತ್ತದೆ. ನೋವು ತಗ್ಗುತ್ತದೆ, ಮನಸ್ಸು ಹಗುರಾಗುತ್ತದೆ. ಸ್ವಲ್ಪ ಹೊತ್ತು ಕೂತು ಇಳಿದು ಹೋಗುವ ಊರಿನ ಪ್ರಯಾಣಿಕರು ಇವರು.

ಹೆರಾಯಿನ್ ಹಾಗಲ್ಲ. ಜಾತ್ರೆಗೆ ಹೊರಟ ಗುಂಪಿನ ಹಾಗೆ ಒಟ್ಟಿಗೆ ನುಗ್ಗುತ್ತದೆ. ಎಲ್ಲ ಸೀಟೂ ತುಂಬಿ ಗದ್ದಲವೋ ಗದ್ದಲ. ಅದೇ ನಶೆ. 4-6 ಗಂಟೆಯಲ್ಲಿ ಗುಂಪು ಇಳಿದುಬಿಡುತ್ತದೆ. ದಿನವೂ ಹೀಗೇ ಆದರೆ ಬಸ್ಸು ಆ ಭಾರಕ್ಕೆ ಒಗ್ಗಿಕೊಳ್ಳುತ್ತದೆ. ಮೊದಲು ಹತ್ತು ಜನಕ್ಕೆ ಆಗುತ್ತಿದ್ದ ಗದ್ದಲಕ್ಕೆ ಈಗ ಮೂವತ್ತು ಜನ ಬೇಕು. ಡೋಸ್ ಏರುತ್ತಾ ಹೋಗುವುದು ಹೀಗೆ.

ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಗುಂಡಿ ಬಿದ್ದ ರಸ್ತೆಯಲ್ಲಿ ಹೋಗಿದ್ದೀರಾ? ಭಾರಕ್ಕೆ ಒಗ್ಗಿದ ಬಸ್ಸು ಖಾಲಿಯಾದಾಗ ಎತ್ತೆತ್ತಿ ಹಾಕುತ್ತದೆ. ನಶೆ ಇಳಿದಾಗ ಆಗುವುದು ಅದೇ. ಕೊನೆಯ ಡೋಸ್ ಆಗಿ 8-12 ಗಂಟೆಗೆ ಶುರು. ಆಕಳಿಕೆ ಮೇಲೆ ಆಕಳಿಕೆ, ಮೂಗು ಸೋರುವುದು, ಮೈಯೆಲ್ಲ ಮುಳ್ಳು ಏಳುವುದು. ಆಮೇಲೆ ಮೂಳೆಯೊಳಗಿನಿಂದ ನೋವು, ಹೊಟ್ಟೆ ಹಿಂಡುವುದು, ಭೇದಿ, ವಾಂತಿ. ರಾತ್ರಿಯಿಡೀ ನಿದ್ದೆಯಿಲ್ಲ, ಕಾಲು ಒಂದು ಕಡೆ ನಿಲ್ಲುವುದಿಲ್ಲ. ಎರಡು-ಮೂರನೇ ದಿನ ಇದು ತುದಿ ಮುಟ್ಟುತ್ತದೆ. ಒಂದು ವಾರ, ಹತ್ತು ದಿನ ನಡೆಯುತ್ತದೆ. ಇದನ್ನು ವಿತ್‌ಡ್ರಾಲ್ ಎನ್ನುತ್ತಾರೆ. ಒಂದು ಹಂತ ದಾಟಿದ ಮೇಲೆ ಬಹಳಷ್ಟು ಜನ ಮಜಾಕ್ಕಾಗಿ ತಗೊಳ್ಳುವುದಿಲ್ಲ. ಈ ಒದ್ದಾಟ ತಪ್ಪಿಸಿಕೊಳ್ಳಲು ತಗೊಳ್ಳುತ್ತಾರೆ. ಮನೆಯವರಿಗೆ ಇದನ್ನು ಅರ್ಥಮಾಡಿಸುವುದೇ ಕಷ್ಟ.

ಇನ್ನೊಂದು ವಿಷಯ ನೆನಪಿಡಿ. ಉಸಿರಾಟವನ್ನು ನಡೆಸುವ ಜಾಗದಲ್ಲೂ ಇದೇ ಸೀಟುಗಳಿವೆ. ಅಲ್ಲಿ ಜಾಸ್ತಿ ಜನ ಕೂತರೆ “ಉಸಿರೆಳೆದುಕೋ” ಅನ್ನುವ ಸೂಚನೆಯೇ ನಿಧಾನವಾಗುತ್ತದೆ. ಓವರ್‌ಡೋಸಿನಲ್ಲಿ ಜನ ಸಾಯುವುದು ಹೀಗೆ, ನಿದ್ದೆಯಲ್ಲಿದ್ದವರ ಹಾಗೆ.

ಮನಸ್ಸು ಗಟ್ಟಿ ಮಾಡಿದರೆ ಸಾಲದಾ?

“ಒಂದು ವಾರ ರೂಮಿನಲ್ಲಿ ಕೂಡಿ ಹಾಕಿದರೆ ಸರಿಹೋಗ್ತಾನೆ” ಅನ್ನುವವರು ಪ್ರತಿ ನೆಂಟರ ಮನೆಯಲ್ಲೂ ಒಬ್ಬರಿರುತ್ತಾರೆ. ವಿತ್‌ಡ್ರಾಲ್ ಮುಗಿದರೆ ಕಾಯಿಲೆ ಮುಗಿಯಿತು ಅನ್ನುವ ಲೆಕ್ಕ ಅದು. ನಿಜ ಏನೆಂದರೆ, ವಿತ್‌ಡ್ರಾಲ್ ಮುಗಿದ ಮೇಲೆ ಅಪಾಯ ಹೆಚ್ಚುತ್ತದೆ.

ಯಾಕೆ? ಕೆಲವು ವಾರ ಬಿಟ್ಟಿದ್ದರೆ ಬಸ್ಸು ಮತ್ತೆ ಹಳೆಯ ಸ್ಥಿತಿಗೆ ಬರುತ್ತದೆ, ಭಾರ ತಡೆಯುವ ಶಕ್ತಿ ಹೋಗುತ್ತದೆ. ಆದರೆ ತಲೆಯಲ್ಲಿ ಬಯಕೆ ಹಾಗೇ ಇರುತ್ತದೆ. ಹಳೇ ಗೆಳೆಯ ಸಿಕ್ಕ, ಮನೆಯಲ್ಲಿ ಜಗಳವಾಯಿತು, ಅದೇ ಗಲ್ಲಿಯ ಮೂಲೆ ಕಂಡಿತು. ಒಂದು ಸಲ ಅಂತ ಕೈ ಹಾಕುತ್ತಾನೆ. ಹಾಕಿಕೊಳ್ಳುವುದು ಹಳೇ ಡೋಸ್. ಉಸಿರು ನಿಲ್ಲುತ್ತದೆ. ಜೈಲಿನಿಂದ ಬಿಡುಗಡೆಯಾದವರು, ಡಿ-ಅಡಿಕ್ಷನ್ ಸೆಂಟರಿನಿಂದ ಹೊರಬಂದವರು ಮೊದಲ ಕೆಲವು ವಾರಗಳಲ್ಲಿ ಹೆಚ್ಚಾಗಿ ಸಾಯುವುದು ಇದಕ್ಕೇ.

ಸ್ವೀಡನ್ನಿನಲ್ಲಿ ಒಂದು ಪ್ರಯೋಗ ನಡೆಯಿತು, 2003ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹೆರಾಯಿನ್‌ಗೆ ಸಿಕ್ಕಿಬಿದ್ದ 40 ಜನ. 20 ಜನಕ್ಕೆ ಒಂದು ವರ್ಷ ದಿನವೂ ಬ್ಯುಪ್ರೆನಾರ್ಫಿನ್ ಮಾತ್ರೆ (ಆ ತಾಯಿ ತಂದಿದ್ದ ಶೀಟಿನಲ್ಲಿದ್ದದ್ದು ಇದೇ ಮದ್ದು). ಉಳಿದ 20 ಜನಕ್ಕೆ 6 ದಿನ ಮಾತ್ರ ಆ ಮದ್ದು, ಇಳಿಸುತ್ತಾ ಬಂದು ನಿಲ್ಲಿಸಿ, ಆಮೇಲೆ ಮದ್ದಿಲ್ಲದ ಸುಳ್ಳು ಮಾತ್ರೆ. ಎರಡೂ ಗುಂಪಿಗೆ ಒಂದೇ ಥರದ ಕೌನ್ಸೆಲಿಂಗ್, ಒಂದೇ ಥರದ ಮೂತ್ರ ಪರೀಕ್ಷೆ. ವರ್ಷದ ಕೊನೆಗೆ ಮದ್ದು ಪಡೆದ 20ರಲ್ಲಿ 15 ಜನ ಚಿಕಿತ್ಸೆಯಲ್ಲಿ ಉಳಿದಿದ್ದರು. ಇನ್ನೊಂದು ಗುಂಪಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಆ 20 ಜನರಲ್ಲಿ ನಾಲ್ವರು ಸತ್ತಿದ್ದರು. ಮದ್ದು ಪಡೆದವರಲ್ಲಿ ಯಾರೂ ಸಾಯಲಿಲ್ಲ.

ಚಿಕ್ಕ ಪ್ರಯೋಗವೇ ಇರಬಹುದು. ಆದರೆ ಆಮೇಲೆ ಲಕ್ಷಾಂತರ ರೋಗಿಗಳ ದಾಖಲೆ ಒಟ್ಟು ಮಾಡಿ ನೋಡಿದಾಗಲೂ ಕಂಡದ್ದು ಇದೇ: ಮದ್ದಿನ ಮೇಲಿರುವ ಕಾಲದಲ್ಲಿ ಸಾವಿನ ಪ್ರಮಾಣ, ಮದ್ದಿಲ್ಲದ ಕಾಲಕ್ಕಿಂತ ಅರ್ಧಕ್ಕೂ ಕಡಿಮೆ.

ಮೆಥಡೋನ್: ದೂರದ ಊರಿನ ಪ್ರಯಾಣಿಕ

1960ರ ದಶಕದ ನ್ಯೂಯಾರ್ಕ್‌ನಲ್ಲಿ ಹೆರಾಯಿನ್ ಹಾವಳಿ. ವಿನ್ಸೆಂಟ್ ಡೋಲ್ ಎಂಬ ವೈದ್ಯರು, ಮೇರಿ ನಿಸ್ವಾಂಡರ್ ಎಂಬ ಮನೋವೈದ್ಯೆ, ಮೇರಿ ಜೀನ್ ಕ್ರೀಕ್ ಎಂಬ ಯುವ ವೈದ್ಯೆ ಸೇರಿ ಇದನ್ನು ಚಟ ಅನ್ನುವ ಬದಲು ಕಾಯಿಲೆ ಅಂತ ನೋಡತೊಡಗಿದರು. ಮೊದಲು ರೋಗಿಗಳಿಗೆ ಮಾರ್ಫಿನ್ ಕೊಟ್ಟು ನೋಡಿದರು. ಅವರು ಟಿವಿ ಮುಂದೆ ಸುಮ್ನೆ ಕೂತು, ಮುಂದಿನ ಡೋಸ್ ಯಾವಾಗ ಅಂತ ಕಾಯುತ್ತಿದ್ದರು. ಆಮೇಲೆ ಮೆಥಡೋನ್ ಕೊಟ್ಟರು. ಕೆಲವೇ ವಾರಗಳಲ್ಲಿ ಒಬ್ಬ ಚಿತ್ರ ಬರೆಯತೊಡಗಿದ. ಇನ್ನೊಬ್ಬ, ನಿಲ್ಲಿಸಿದ ಓದು ಮುಂದುವರಿಸಬೇಕು ಅಂತ ಕೇಳತೊಡಗಿದ. 22 ರೋಗಿಗಳ ಈ ಅನುಭವವನ್ನು ಅವರು 1965ರಲ್ಲಿ ಪ್ರಕಟಿಸಿದರು.

ಮೆಥಡೋನ್ ಕೂಡ ಓಪಿಯಾಯ್ಡೇ. ಹಾಗಿದ್ದರೆ ವ್ಯತ್ಯಾಸ ಎಲ್ಲಿ? ವೇಗದಲ್ಲಿ. ಹೆರಾಯಿನ್ ನುಗ್ಗಿ ಬಂದು ಬೇಗ ಇಳಿಯುತ್ತದೆ. ಬಾಯಲ್ಲಿ ಕುಡಿಯುವ ಮೆಥಡೋನ್ ನಿಧಾನ ಹತ್ತಿ, ಸದ್ದಿಲ್ಲದೆ ಸೀಟು ಹಿಡಿದು, ಇಡೀ ದಿನ ಕೂತಿರುತ್ತದೆ. ಬೆಂಗಳೂರಲ್ಲಿ ಹತ್ತಿ ಬೀದರ್‌ನಲ್ಲಿ ಇಳಿಯುವ ಪ್ರಯಾಣಿಕ. ಸರಿಯಾದ ಡೋಸಿನಲ್ಲಿ ಗದ್ದಲವಿಲ್ಲ, ಖಾಲಿ ಬಸ್ಸಿನ ಕುಲುಕಾಟವೂ ಇಲ್ಲ. ದಿನಕ್ಕೆ ಒಂದು ಸಲ ಸಾಕು. ಆದರೆ ಮೆಥಡೋನ್‌ಗೆ ಮೇಲ್ಮಿತಿ ಇಲ್ಲ. ಜಾಸ್ತಿಯಾದರೆ ಅದೂ ಉಸಿರು ನಿಲ್ಲಿಸುತ್ತದೆ, ಕೆಲವರಲ್ಲಿ ಹೃದಯದ ಬಡಿತವನ್ನೂ ಏರುಪೇರು ಮಾಡಬಹುದು. ಅದಕ್ಕೇ ಮೊದಲ ವಾರಗಳಲ್ಲಿ ತುಂಬಾ ಹುಷಾರಾಗಿ ಡೋಸ್ ಏರಿಸುತ್ತಾರೆ, ಕಣ್ಣೆದುರೇ ಕುಡಿಸುತ್ತಾರೆ. ನಮ್ಮ ದೇಶದಲ್ಲಿ ಇದು 2012ರಲ್ಲಿ ಶುರುವಾಯಿತು, ಇಂದಿಗೂ ಸಿಗುವ ಜಾಗಗಳು ಕಡಿಮೆ.

ಬ್ಯುಪ್ರೆನಾರ್ಫಿನ್: ಗಟ್ಟಿಯಾಗಿ ಕೂರುವವನು

ಆ ತಾಯಿ ತಂದಿದ್ದ ಶೀಟು ಇದರದ್ದು. ಇಂಗ್ಲೆಂಡಿನ ವಿಜ್ಞಾನಿಗಳು 1960ರ ದಶಕದಲ್ಲಿ ಮಾಡಿದ ಮದ್ದು. ಮೊದಲು ಬಳಕೆಯಾದದ್ದು ನೋವಿಗೆ.

ಇದಕ್ಕೆ ಎರಡು ಗುಣ. ಒಂದು, ಸೀಟು ಹಿಡಿಯುವ ಶಕ್ತಿ ಹೆಚ್ಚಿನ ಓಪಿಯಾಯ್ಡ್‌ಗಳಿಗಿಂತ ಜಾಸ್ತಿ. ಕೂತಿದ್ದವರನ್ನು ಎಬ್ಬಿಸಿ ತಾನು ಕೂರುತ್ತದೆ, ಒಮ್ಮೆ ಕೂತರೆ ಹೆರಾಯಿನ್ ಬಂದು ನೂಕಿದರೂ ಏಳುವುದಿಲ್ಲ. ಹಾಗಾಗಿ ಈ ಮಾತ್ರೆ ತಗೊಂಡವನು ಮೇಲೆ ನಶೆ ಮಾಡಿದರೂ ಕಿಕ್ ಅಷ್ಟಾಗಿ ಸಿಗುವುದಿಲ್ಲ. ಎರಡು, ಇದು ಅರ್ಧ ಕೆಲಸ ಮಾತ್ರ ಮಾಡುತ್ತದೆ. ಸ್ಕೂಲ್ ಬಸ್ಸಿಗೆ ಸ್ಪೀಡ್ ಗವರ್ನರ್ ಹಾಕುತ್ತಾರಲ್ವಾ, ಎಷ್ಟು ಆಕ್ಸಿಲರೇಟರ್ ತುಳಿದರೂ ಒಂದು ವೇಗ ದಾಟುವುದಿಲ್ಲ. ಇದೂ ಹಾಗೇ. ಡೋಸ್ ಜಾಸ್ತಿ ಮಾಡಿದರೂ ಉಸಿರಿನ ಮೇಲಿನ ಪರಿಣಾಮ ಒಂದು ಮಟ್ಟದ ಮೇಲೆ ಏರುವುದಿಲ್ಲ. ಬೇರೆ ಓಪಿಯಾಯ್ಡ್‌ಗಳಿಗೆ ಹೋಲಿಸಿದರೆ ಇದು ಸುರಕ್ಷಿತ ಅನ್ನುವುದು ಇದಕ್ಕಾಗಿ. ಮದ್ಯ ಅಥವಾ ನಿದ್ದೆ ಮಾತ್ರೆ ಜೊತೆ ಸೇರಿಸಿದರೆ ಮಾತ್ರ ಈ ಭರವಸೆ ಇಲ್ಲ. ಆಗ ಉಸಿರಿಗೆ ಅಪಾಯ ಇದ್ದೇ ಇದೆ.

ನಾಲಿಗೆ ಕೆಳಗೇ ಯಾಕೆ? ನುಂಗಿದರೆ ಲಿವರ್ ಅದರಲ್ಲಿ ಹೆಚ್ಚಿನ ಪಾಲನ್ನು ಕೆಡಿಸಿಬಿಡುತ್ತದೆ. ನಾಲಿಗೆಯ ಕೆಳಗಿನ ತೆಳು ಚರ್ಮದಿಂದ ಅದು ನೇರ ರಕ್ತಕ್ಕೆ ಹೋಗುತ್ತದೆ. ಕರಗಲು ಕೆಲವು ನಿಮಿಷ ಬೇಕು. ಆಗ ಮಾತಾಡಬಾರದು, ಎಂಜಲು ನುಂಗಬಾರದು.

ಈ ಮಾತ್ರೆಯನ್ನೂ ಕರಗಿಸಿ ಚುಚ್ಚಿಕೊಳ್ಳುವವರಿದ್ದಾರೆ. ಅದನ್ನು ಮುಚ್ಚಿಡಬೇಕಿಲ್ಲ. ಅದಕ್ಕೆ ಕಂಡುಕೊಂಡ ಉಪಾಯವೇ ನಲಾಕ್ಸೋನ್ ಬೆರೆಸುವುದು. ನಲಾಕ್ಸೋನ್ ಅಂದರೆ ಎಲ್ಲರನ್ನೂ ಸೀಟಿನಿಂದ ಎಬ್ಬಿಸುವ ಕಂಡಕ್ಟರ್. ಓವರ್‌ಡೋಸ್ ಆದವರ ಜೀವ ಉಳಿಸಲು ಕೊಡುವ ಮದ್ದು ಅದು. ಮಾತ್ರೆಯಲ್ಲಿ 4 ಪಾಲು ಬ್ಯುಪ್ರೆನಾರ್ಫಿನ್, 1 ಪಾಲು ನಲಾಕ್ಸೋನ್. ನಾಲಿಗೆ ಕೆಳಗೆ ಇಟ್ಟರೆ ನಲಾಕ್ಸೋನ್ ಹೆಚ್ಚುಕಡಿಮೆ ಒಳಗೆ ಹೋಗುವುದೇ ಇಲ್ಲ. ಚುಚ್ಚಿಕೊಂಡರೆ ಎಚ್ಚೆತ್ತು ವಿತ್‌ಡ್ರಾಲ್ ತಂದಿಡುತ್ತದೆ.

ಫ್ರಾನ್ಸ್‌ನಲ್ಲಿ 1990ರ ದಶಕದ ನಡುವಿನಲ್ಲಿ ಊರಿನ ಸಾಮಾನ್ಯ ಡಾಕ್ಟರುಗಳೂ ಬ್ಯುಪ್ರೆನಾರ್ಫಿನ್ ಬರೆದುಕೊಡಲು ಅವಕಾಶ ಕೊಟ್ಟರು. 1995ರಿಂದ 1999ರ ಹೊತ್ತಿಗೆ ಅಲ್ಲಿ ಓವರ್‌ಡೋಸ್ ಸಾವು ಸುಮಾರು 79% ಇಳಿಯಿತು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೆಥಡೋನ್, ಬ್ಯುಪ್ರೆನಾರ್ಫಿನ್ ಎರಡನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನಾಲ್ಟ್ರೆಕ್ಸೋನ್: ಸೀಟಿಗೆ ಹಾಕಿದ ಟವೆಲ್

ಮೂರನೆಯದು ಓಪಿಯಾಯ್ಡ್ ಅಲ್ಲವೇ ಅಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ವಾ, ನಾಲ್ಟ್ರೆಕ್ಸೋನ್ ಹಾಗೆ. ಸೀಟಲ್ಲಿ ಯಾರೂ ಕೂತಿಲ್ಲ, ಆದರೆ ಬೇರೆ ಯಾರೂ ಕೂರುವ ಹಾಗೂ ಇಲ್ಲ. ಇದಕ್ಕೆ ಒಗ್ಗಿಕೊಳ್ಳುವ ಪ್ರಶ್ನೆಯೇ ಇಲ್ಲ ಅನ್ನುವುದು ಒಳ್ಳೆಯದು. ತೊಡಕು ಏನೆಂದರೆ, ಶುರು ಮಾಡುವ ಮುಂಚೆ 7-10 ದಿನ ಓಪಿಯಾಯ್ಡ್ ಪೂರ್ತಿ ಬಿಟ್ಟಿರಬೇಕು. ಅದೇ ತಾನೇ ಆಗದಿರುವುದು! ಮಾತ್ರೆಯಾದರೆ ದಿನವೂ ತಗೊಳ್ಳಬೇಕು, ಬಿಟ್ಟರೆ ಟವೆಲ್ ಹಾರಿಹೋಯಿತು. ಮನೆಯವರ ಬೆಂಬಲ ಗಟ್ಟಿಯಾಗಿರುವ, ಬಿಡುವ ಹಟ ಇರುವ ಕೆಲವರಿಗೆ ಇದು ಸರಿಹೊಂದುತ್ತದೆ.

ಮೊದಲ ದಿನ ಕಾಯಿಸುವುದು ಯಾಕೆ?

“ನನ್ ಮಗ ನೋವಲ್ಲಿ ನರಳ್ತಿದ್ರೂ ನರ್ಸ್ ಮಾತ್ರೆ ಕೊಡಲಿಲ್ಲ, ಇನ್ನೂ ಸ್ವಲ್ಪ ಕಾಯಿರಿ ಅಂದ್ರು” ಅಂತ ಆ ತಾಯಿ ಬೇಸರಪಟ್ಟುಕೊಂಡರು. ಅಲ್ಲಿ ಕ್ರೂರತನ ಇರಲಿಲ್ಲ. ಬ್ಯುಪ್ರೆನಾರ್ಫಿನ್ ಕೂತವರನ್ನು ಎಬ್ಬಿಸುತ್ತದೆ ಅಂದೆನಲ್ಲ. ಬಸ್ಸು ತುಂಬಿರುವಾಗಲೇ ಅದು ಹತ್ತಿದರೆ, ಪೂರ್ತಿ ಕೆಲಸ ಮಾಡುತ್ತಿದ್ದವರನ್ನು ಒಂದೇ ಸಲ ಇಳಿಸಿ ಅರ್ಧ ಕೆಲಸದವರನ್ನು ಕೂರಿಸಿದ ಹಾಗಾಗುತ್ತದೆ. ದಿಢೀರನೆ ಭಯಂಕರ ವಿತ್‌ಡ್ರಾಲ್. ಅದನ್ನು ಒಮ್ಮೆ ಅನುಭವಿಸಿದವನು ಆ ಮಾತ್ರೆ ಕಡೆ ಮತ್ತೆ ತಲೆ ಹಾಕುವುದು ಕಷ್ಟ. ಅದಕ್ಕೇ ಸೀಟುಗಳು ತಾವಾಗಿ ಖಾಲಿಯಾಗುವವರೆಗೆ, ಸಾಮಾನ್ಯವಾಗಿ 12-24 ಗಂಟೆ, ಕಾಯುತ್ತಾರೆ. ನಾಡಿ ಎಷ್ಟು, ಕಣ್ಣಿನ ಪಾಪೆ ಹಿಗ್ಗಿದೆಯಾ, ಬೆವರು, ಆಕಳಿಕೆ, ಮೈಮೇಲೆ ಮುಳ್ಳು ಎದ್ದಿದೆಯಾ ಅಂತ ನೋಡಿ ಅಂಕ ಹಾಕುತ್ತಾರೆ. ಅಂಕ ಸಾಕಷ್ಟಾದ ಮೇಲೆ ಚಿಕ್ಕ ಡೋಸ್. ಗಂಟೆಯೊಳಗೇ ಹುಡುಗ ಕಾಲು ಒದರುವುದು ನಿಲ್ಲಿಸಿ ಗೋಡೆಗೆ ಒರಗಿ ಕೂತನಂತೆ.

ಹಾಗಾದರೆ ಇದೂ ಚಟವೇ ಅಲ್ವಾ?

ಇಲ್ಲಿ ಎರಡು ಪದ ಬೇರೆ ಮಾಡಿಕೊಳ್ಳಬೇಕು. ಒಂದು, ಮೈ ಒಗ್ಗಿಕೊಳ್ಳುವುದು. ಇನ್ನೊಂದು, ಚಟಕ್ಕೆ ಬೀಳುವುದು. ಕಿದ್ವಾಯಿಯಂಥ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಯೊಬ್ಬರು ತಿಂಗಳುಗಟ್ಟಲೆ ಮಾರ್ಫಿನ್ ತಗೊಳ್ಳುತ್ತಾರೆ. ಅವರ ಮೈ ಅದಕ್ಕೆ ಒಗ್ಗಿಕೊಂಡಿರುತ್ತದೆ, ದಿಢೀರನೆ ನಿಲ್ಲಿಸಿದರೆ ವಿತ್‌ಡ್ರಾಲ್ ಆಗುತ್ತದೆ. ಅವರನ್ನು ಯಾರೂ ಚಟಗಾರ ಅನ್ನುವುದಿಲ್ಲ. ಚಟ ಅಂದರೆ ಬೇರೆ. ಹಾಳಾಗುತ್ತಿದ್ದೇನೆ ಅಂತ ಗೊತ್ತಿದ್ದೂ ನಿಲ್ಲಿಸಲಾಗದಿರುವುದು. ಅಮ್ಮನ ಸರ ಕದಿಯುವುದು, ಕೆಲಸ ಬಿಡುವುದು, ದಿನವಿಡೀ ಅದೇ ಯೋಚನೆ.

ಬ್ಯುಪ್ರೆನಾರ್ಫಿನ್ ತಗೊಳ್ಳುವವನ ಮೈ ಆ ಮದ್ದಿಗೆ ಒಗ್ಗಿಕೊಂಡಿರುತ್ತದೆ, ಅದು ನಿಜ. ಆದರೆ ಬೆಳಿಗ್ಗೆ ಮಾತ್ರೆ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಾನೆ. ಮುಂದಿನ ಡೋಸ್ ಎಲ್ಲಿ, ದುಡ್ಡು ಎಲ್ಲಿ ಅನ್ನುವ ಓಟ ನಿಂತಿರುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ‘ಬದಲಿ ಚಿಕಿತ್ಸೆ’ ಅನ್ನುವ ಅರ್ಥದ ಹೆಸರಿದೆ, ಒಎಸ್‌ಟಿ ಅಂತ ಕರೆಯುತ್ತಾರೆ. ಆ ‘ಬದಲಿ’ ಪದ ನನಗೆ ಇಷ್ಟವಿಲ್ಲ. ಒಂದು ನಶೆ ತೆಗೆದು ಇನ್ನೊಂದು ಇಟ್ಟ ಹಾಗೆ ಕೇಳಿಸುತ್ತದೆ, ಅರ್ಧ ಗೊಂದಲ ಹುಟ್ಟುವುದೇ ಅಲ್ಲಿ.

ಕೌನ್ಸೆಲಿಂಗ್ ಬೇಡವಾ ಅಂತ ಕೇಳಬಹುದು. ಬೇಕು. ಎಷ್ಟೋ ಹುಡುಗರಿಗೆ ನಶೆಯ ಹಿಂದೆ ಖಿನ್ನತೆ, ನಿರುದ್ಯೋಗ, ಮನೆಯ ಜಗಳ ಇರುತ್ತದೆ. ಆದರೆ ಕೌನ್ಸೆಲರ್ ಸಿಗಲಿಲ್ಲ ಅಂತ ಮದ್ದು ನಿಲ್ಲಿಸಬಾರದು. ಮದ್ದಿನಿಂದ ಮೈ ತಣ್ಣಗಾದ ಮೇಲೇ ಮನಸ್ಸಿನ ಮಾತು ಶುರುವಾಗುವುದು.

ಎಷ್ಟು ದಿನ?

ಇದಕ್ಕೆ ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ವಾರಗಳ ಮಾತಲ್ಲ, ತಿಂಗಳು-ವರ್ಷಗಳ ಮಾತು. ಕಡಿಮೆ ಎಂದರೆ ಒಂದು ವರ್ಷ ಅಂತ ಹಲವು ವೈದ್ಯರು ಹೇಳುತ್ತಾರೆ. ಕೆಲವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ನಿಲ್ಲಿಸುವುದಾದರೆ ಡಾಕ್ಟರ ಜೊತೆ ಕೂತು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬರಬೇಕು. ನಡುವೆ ಒಂದು ಸಲ ಎಡವಿದ ಅಂದರೆ ಚಿಕಿತ್ಸೆ ಸೋತಿತು ಅಂತಲ್ಲ. ಆಗಲೇ ಮದ್ದು ಹೆಚ್ಚು ಬೇಕಾಗಿರುವುದು.

ಅಡ್ಡ ಪರಿಣಾಮ ಇಲ್ಲದೆ ಇಲ್ಲ. ಮಲಬದ್ಧತೆ, ಬೆವರು, ತಲೆನೋವು ಸಾಮಾನ್ಯ. ನಾಲಿಗೆ ಕೆಳಗಿನ ಮಾತ್ರೆಯಿಂದ ಹಲ್ಲು ಹುಳುಕಾಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಎಚ್ಚರಿಸಿತು. ಮಾತ್ರೆ ಕರಗಿದ ಮೇಲೆ ನೀರು ಮುಕ್ಕಳಿಸಬೇಕು, ಹಲ್ಲುಜ್ಜಲು ಒಂದು ಗಂಟೆ ಬಿಡಬೇಕು. ಗರ್ಭಿಣಿಯರಿಗೆ ದಿಢೀರ್ ವಿತ್‌ಡ್ರಾಲ್‌ಗಿಂತ ಈ ಮದ್ದುಗಳೇ ಮೇಲು. ಮಗುವಿಗೆ ಹುಟ್ಟಿದ ಮೇಲೆ ಕೆಲವು ದಿನ ಕಿರಿಕಿರಿ ಆಗಬಹುದು, ಅದಕ್ಕೆ ಚಿಕಿತ್ಸೆ ಇದೆ.

ನಮ್ಮಲ್ಲಿ ಎಲ್ಲಿ ಸಿಗುತ್ತದೆ?

ಸೂಜಿ ಹಂಚಿಕೊಳ್ಳುವವರಲ್ಲಿ ಎಚ್‌ಐವಿ, ಹೆಪಟೈಟಿಸ್ ಸಿ ಹರಡುತ್ತದೆ. ಆದ್ದರಿಂದ ಏಡ್ಸ್ ನಿಯಂತ್ರಣದ ರಾಷ್ಟ್ರೀಯ ಸಂಸ್ಥೆ ನ್ಯಾಕೋ ಕೂಡ ಉಚಿತ ಒಎಸ್‌ಟಿ ಕೇಂದ್ರಗಳನ್ನು ನಡೆಸುತ್ತದೆ. ಅಲ್ಲಿನ ಬೆಳಿಗ್ಗೆ ಹೀಗಿರುತ್ತದೆ: ನರ್ಸ್ ಮಾತ್ರೆಯನ್ನು ಪುಡಿ ಮಾಡಿ ನಾಲಿಗೆ ಕೆಳಗೆ ಹಾಕುತ್ತಾರೆ. ಬಂದವನು ಬಾಯಿ ಮುಚ್ಚಿ ಬೆಂಚಿನಲ್ಲಿ ಕೂರುತ್ತಾನೆ. ಕರಗಿದ ಮೇಲೆ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿ, ಸಹಿ ಹಾಕಿ ಕೆಲಸಕ್ಕೆ ಹೋಗುತ್ತಾನೆ. ಪಂಜಾಬ್ 2017ರ ಅಕ್ಟೋಬರ್‌ನಲ್ಲಿ ಇಂಥ ಹೊರರೋಗಿ ಕ್ಲಿನಿಕ್‌ಗಳನ್ನು ಶುರು ಮಾಡಿ ಆಮೇಲೆ ರಾಜ್ಯವಿಡೀ ಹರಡಿತು. ಕರ್ನಾಟಕದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ವಿಭಾಗ ಇದೆ. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ ನಶೆ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡೂ ಉಚಿತ.

ಪೊಲೀಸರ ಭಯ ಎಷ್ಟೋ ಮನೆಗಳ ಬಾಯಿ ಮುಚ್ಚಿಸುತ್ತದೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು ಇದಕ್ಕೆಂದೇ ಇದೆ. ನಶೆ ಮಾಡಿದ, ಇಲ್ಲವೇ ಸಣ್ಣ ಪ್ರಮಾಣದಲ್ಲಿ ಇಟ್ಟುಕೊಂಡ ಆರೋಪ ಇರುವ ವ್ಯಸನಿ ತಾನಾಗಿ ಸರ್ಕಾರದ ಅಥವಾ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದೆ ಬಂದರೆ ಅವನ ಮೇಲೆ ಕೇಸು ನಡೆಸುವುದಿಲ್ಲ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆ ಹೋಗಬಹುದು. ಇನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಸನದ ಕಾಯಿಲೆಗೂ ಅನ್ವಯಿಸುತ್ತದೆ. ಹೊಡೆಯುವ, ಸರಪಳಿ ಹಾಕುವ ಜಾಗ ಚಿಕಿತ್ಸಾ ಕೇಂದ್ರವೇ ಅಲ್ಲ. ಯಾವುದೇ ಕೇಂದ್ರಕ್ಕೆ ಸೇರಿಸುವ ಮುಂಚೆ ಎರಡು ವಿಷಯ ಕೇಳಿ: ನೋಂದಣಿ ಇದೆಯಾ? ಬ್ಯುಪ್ರೆನಾರ್ಫಿನ್ ಕೊಡ್ತೀರಾ, ಬಿಡುಗಡೆಯಾದ ಮೇಲೆ ಅದನ್ನು ಮುಂದುವರಿಸುವವರು ಯಾರು?

ಅಮೆರಿಕದಲ್ಲಿರುವ ಕನ್ನಡಿಗರಿಗೂ ಒಂದು ಮಾತು. ಅಲ್ಲಿ 2021ರಿಂದ ಮೂರು ವರ್ಷ ಸತತವಾಗಿ ವರ್ಷಕ್ಕೆ 1 ಲಕ್ಷಕ್ಕೂ ಹೆಚ್ಚು ಜನ ಡ್ರಗ್ಸ್ ಓವರ್‌ಡೋಸಿನಿಂದ ಸತ್ತರು, ಬಹುಪಾಲು ಫೆಂಟಾನಿಲ್‌ನಿಂದ. 2022ರ ಕೊನೆಯಿಂದ ಬ್ಯುಪ್ರೆನಾರ್ಫಿನ್ ಬರೆಯಲು ಡಾಕ್ಟರುಗಳಿಗೆ ವಿಶೇಷ ಅನುಮತಿ ಬೇಕಿಲ್ಲ. ನಲಾಕ್ಸೋನ್ ಮೂಗಿನ ಸ್ಪ್ರೇ 2023ರಿಂದ ಚೀಟಿ ಇಲ್ಲದೆ ಸಿಗುತ್ತದೆ. ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಒಂದು ಇರಲಿ.

ಮನೆಯಲ್ಲಿ ಗಮನಿಸಬೇಕಾದ್ದು

ಓವರ್‌ಡೋಸ್ ಹೀಗೆ ಕಾಣುತ್ತದೆ: ಎಬ್ಬಿಸಿದರೂ ಏಳುವುದಿಲ್ಲ, ಉಸಿರು ಬಹಳ ನಿಧಾನ ಅಥವಾ ಗೊರಗೊರ ಸದ್ದು, ತುಟಿ-ಉಗುರು ನೀಲಿ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು ಚಿಕ್ಕದು. “ಮಲಗಿದ್ದಾನೆ, ಮಲಗಲಿ ಬಿಡು” ಅನ್ನಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಒಂದು ಪಕ್ಕಕ್ಕೆ ಮಲಗಿಸಿ. ಏನು ತಗೊಂಡಿದ್ದಾನೆ ಅಂತ ಡಾಕ್ಟರಿಗೆ ನಿಜ ಹೇಳಿ.

ಇಷ್ಟೆಲ್ಲ ಮಾತಾಡುವಾಗ ಆ ತಾಯಿ ಶೀಟನ್ನು ಕೈಯಲ್ಲೇ ಹಿಡಿದಿದ್ದರು. ಕೊನೆಗೆ ನಾನೊಂದು ಪ್ರಶ್ನೆ ಕೇಳಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ? ಮಗಳ ಮಗು ಇದೆ, ಮೂರು ವರ್ಷ ಅಂದರು. ಶೀಟು ಎಲ್ಲಿ ಇಡ್ತೀರಿ? ಫ್ರಿಜ್ ಮೇಲೆ, ಬಿಸ್ಕತ್ತಿನ ಡಬ್ಬಿ ಪಕ್ಕ. ದೊಡ್ಡವರ ಜೀವ ಉಳಿಸುವ ಈ ಒಂದು ಮಾತ್ರೆ ಮಗುವಿನ ಉಸಿರು ನಿಲ್ಲಿಸಬಲ್ಲದು ಅಂತ ಹೇಳಿದೆ. ಅವರು ಕಾಫಿ ಅಲ್ಲೇ ಬಿಟ್ಟು ಎದ್ದರು.

ಸಂಜೆ ಫೋನ್ ಬಂತು. “ಗೋಡ್ರೆಜ್ ಬೀರು ಒಳಗಿನ ಲಾಕರಲ್ಲಿ ಇಟ್ಟಿದೀನಿ. ಕೀ ನನ್ ಸೆರಗಲ್ಲಿದೆ. ನಾಳೆ ಬೆಳಿಗ್ಗೆ ಏಳಕ್ಕೆ ನಾನೇ ತೆಗೆದು ಕೊಡ್ತೀನಿ, ಕರಗೋ ತನಕ ಪಕ್ಕದಲ್ಲೇ ಕೂತಿರ್ತೀನಿ.”